ಸ್ಕೈಲ್ಯಾಬ್ ಬೀಳುವ ದಿನ ದೇವದುರ್ಗದ ಬಸ್ಸು

ಅಮೆರಿಕದವರು ಆಕಾಶದಲ್ಲಿ ಕಟ್ಟಿದ ಮನೆ ಆಷಾಢದಲ್ಲೇ ಬೀಳುತ್ತೇನೆಂದು ಏಕೆ ಹಟ ಹಿಡಿಯಿತೋ, ಶರಣಯ್ಯನಿಗೆ ತಿಳಿಯಲಿಲ್ಲ. ಶ್ರಾವಣದವರೆಗೆ ತಡೆದಿದ್ದರೆ ನೀಲಗಂಗಮ್ಮ ಮಾನ್ವಿಯ ಮನೆಯಲ್ಲಿ ಅವನ ಕಣ್ಣೆದುರಿಗೇ ಇರುತ್ತಿದ್ದಳು. ವೈಶಾಖದಲ್ಲಿ ಮದುವೆಯಾಗಿ ಬಂದ ಹೊಸ ಸೊಸೆ ಪದ್ಧತಿಯಂತೆ ಆಷಾಢಕ್ಕೆ ದೇವದುರ್ಗದ ತವರಿಗೆ ಹೋಗಿದ್ದಳು. ಆ ತಿಂಗಳು ಅತ್ತೆ, ಸೊಸೆ ಒಂದೇ ಹೊಸ್ತಿಲು ದಾಟಬಾರದು. ಅತ್ತೆ, ಅಳಿಯನಿಗೂ ಅದೇ ಕಟ್ಟು. ಹೀಗಾಗಿ ಅವಳು ಇಲ್ಲಿಗೆ ಬರುವಂತಿರಲಿಲ್ಲ, ಅವನು ಅಲ್ಲಿಗೆ ಹೋಗುವಂತಿರಲಿಲ್ಲ.

ಅದು ೧೯೭೯ರ ಜುಲೈ. ರಾಯಚೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಶರಣಯ್ಯ, ಸೀಮೆಸುಣ್ಣದ ತುಂಡನ್ನೂ ಕಾಗದದಲ್ಲಿ ಸುತ್ತಿಡುವ ಮನುಷ್ಯ. ಛತ್ರಿಯ ಒಂದೊಂದು ಮಡಿಕೆಯನ್ನೂ ಸರಿಪಡಿಸದೆ ಗುಂಡಿ ಹಾಕುತ್ತಿರಲಿಲ್ಲ. ಆ ಆಕಾಶದ ಮನೆ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ರೇಡಿಯೊ ಕೇಳಿದವರೂ ಕೇಳದವರೂ ಹೇಳಿಕೊಂಡು ತಿರುಗುತ್ತಿದ್ದಾಗ, ಊರವರು ಅವನನ್ನೇ ಹಿಡಿದು ನಿಲ್ಲಿಸಿ ವಿಚಾರಿಸುತ್ತಿದ್ದರು. ಭೂಮಿಯ ಮುಕ್ಕಾಲು ಪಾಲು ನೀರು, ಉಳಿದುದರಲ್ಲಿಯೂ ಬಯಲೇ ಹೆಚ್ಚು, ಮಾನ್ವಿಯನ್ನೇ ಹುಡುಕಿಕೊಂಡು ಬರಲು ಅದಕ್ಕೆ ಕಣ್ಣಿಲ್ಲವೆಂದು ಅವನು ಬೇಸರವಿಲ್ಲದೆ ತಿಳಿಸುತ್ತಿದ್ದ.

ಬೀಳುವ ಮುನ್ನಾದಿನ ಚಹಾದಂಗಡಿಯಲ್ಲಿ ಕುರಿಗಾರ ದುರುಗಪ್ಪ ಬಂದು ಶರಣಯ್ಯನ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ. ನಾಟಿಗೆ ಮುಂಚೆ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಹಿಂಡು ತರುಬಲು ಅವನ ಮನೆಯವರೆಲ್ಲ ಕಾಲುವೆಯ ಕಡೆ ಬೀಡುಬಿಟ್ಟಿದ್ದರು.

"ಸರ, ನಾಳಿ ಬೀಳ್ತದಂತಲ್ರಿ? ನಮ್ಮ ಮಂದಿ ಕುರಿ ಕೊಯ್ಯೂಣು ಅನ್ನಾಕತ್ತಾರ. ಸಾಯೂದು ಹೆಂಗೂ ಅದ, ಉಂಡಾದ್ರೂ ಸಾಯೂಣು ಅಂತ."

"ಯಾವ ಕುರಿ ಕೊಯ್ತೀಯಪಾ?"

"ಎಲ್ಲಾ ರೀ. ಇಟ್ಟು ಯಾರಿಗೆ ಕೊಡೂದು?"

ಅಂಗಡಿಯಲ್ಲಿದ್ದವರು ನಗಲಿಲ್ಲ. ಶರಣಯ್ಯ ಲೋಟ ಕೆಳಗಿಟ್ಟ. "ದುರುಗಪ್ಪ, ಮೊದಲ ಆ ಮನಿ ಎಂಥಾದು ಅಂತ ತಿಳಕೋ. ಚಂದ್ರಗ ಹೋದ್ರಲ್ಲ, ಅಂಥಾ ರಾಕೆಟ್ಟಿನ ಮ್ಯಾಲೇ ಇದನ್ನೂ ಕಳಿಸಿದ್ರು. ಹೋಗೋ ಮುಂದನ ಇದರ ಬಿಸಲಿನ ಹೊದಿಕಿ ಕಿತಗೊಂಡು ಹೋತು. ಒಳಗ ಒಲಿ ಆದಂಗ ಆತು. ಆಮ್ಯಾಲೆ ಹೋದ ಮೂರು ಮಂದಿ ಏನ್ ಮಾಡಿದ್ರು ಗೊತ್ತೇನು?"

ಅವನು ಛತ್ರಿಯನ್ನು ಮಡಿಸಿದಂತೆಯೇ ಕಿಟಕಿಯ ಸರಳುಗಳ ನಡುವೆ ಹೊರಗೆ ತೂರಿಸಿ, ಒಳಗಿನಿಂದಲೇ ಪಟ್ಟನೆ ಬಿಚ್ಚಿದ. ಹೊರಗಿದ್ದ ಎಮ್ಮೆಯೊಂದು ಬೆದರಿ ಬಾಲವೆತ್ತಿ ಓಡಿತು.

"ಗೋಡಿಯೊಳಗ ಒಂದು ಸಣ್ಣ ಕಿಂಡಿ ಇತ್ತು. ಹಿಂಗ ತೂರಿಸಿ, ಮನಿಗೆ ನೆಳ್ಳು ಮಾಡಿದ್ರು."

"ಬಿಸಲಿಗೆ ಛತ್ರಿ ಹಿಡದ್ರು!" ದುರುಗಪ್ಪನ ಮುಖ ಅರಳಿತು. "ನಮ್ಮಂಥಾ ಮಂದೀನ ಹಂಗಾರ." ಮರುಕ್ಷಣವೇ ದನಿ ತಗ್ಗಿಸಿದ. "ಯಪ್ಪಾ, ಅವ್ರು ಅದರಾಗ ಅದಾರೇನ್ರಿ ಈಗ?"

"ಇಲ್ಲ. ಅವ್ರೂ ಬಂದ್ರು, ಅವರ ಹಿಂದ ಹೋದವ್ರೂ ಬಂದ್ರು. ಕಡೀ ಮಂದಿ ಮನಿಗೆ ಬಂದು ಐದು ವರ್ಷ ಆತು."

"ಹೆಂಡ್ರು ಮಕ್ಕಳ ಹಂತ್ಯಾಕ?"

"ಹೌದು."

ದುರುಗಪ್ಪ ದೀರ್ಘವಾಗಿ ಉಸಿರುಬಿಟ್ಟ. ಅಷ್ಟು ದಿನ ಅವನು ಅಂಜಿದ್ದು ತನ್ನ ತಲೆಗಾಗಿ ಮಾತ್ರವಲ್ಲವೆಂದು ಶರಣಯ್ಯನಿಗೆ ಆಗ ಹೊಳೆಯಿತು.

"ಹಂಗಾರ ಬೀಳೂದು ಖಾಲಿ ಮನಿ. ನಾಳಿ ನೀವೆಲ್ಲಿರ್ತೀರಿ ಸರ?"

"ಇಲ್ಲೇ, ಸಾಲ್ಯಾಗ."

"ನೀವು ಇದ್ರ ನಾನೂ ಇದ್ದೆ. ನೀವು ಊರು ಬಿಟ್ರಿ ಅಂದ್ರ ಮಾತ್ರ ಕುಡಗೋಲು ಮಸಿತೀನಿ, ನೋಡ್ರಿ ಮತ್ತ."

ಶರಣಯ್ಯ ನಗುತ್ತಾ ಒಪ್ಪಿದ. ಅದೇ ಸಂಜೆ ದೇವದುರ್ಗದ ಬಸ್ಸಿನ ಕಂಡಕ್ಟರ್ ವಲಿ ಪಾಷಾ ಮನೆಯ ಮುಂದೆ ಸೈಕಲ್ ನಿಲ್ಲಿಸಿದ. ನೀಲಗಂಗಮ್ಮನ ತಂದೆಯ ಕಿರಾಣಿ ಅಂಗಡಿ ಅಲ್ಲಿನ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ವಲಿ ಪಾಷಾ ದಿನವೂ ಅಲ್ಲಿ ಚಹಾ ಕುಡಿಯುತ್ತಿದ್ದ.

"ಮಾಸ್ತರ್, ನಿಮ್ಮ ಮನಿಯವ್ರು ಒಂದು ಮಾತು ಹೇಳಿ ಕಳ್ಸ್ಯಾರ." ಒಳಗಿದ್ದ ತಾಯಿ ಚನ್ನಮಲ್ಲಮ್ಮನಿಗೆ ಕೇಳದಂತೆ ಅವನು ಬಾಗಿದ. "'ಬೀಳಂಗಿಲ್ಲ ಅಂತ ಊರಿಗೆಲ್ಲಾ ಹೇಳ್ತಾರಂತ. ನನಗ ಯಾರು ಹೇಳವ್ರು?' ಅಂದ್ರು. ಕಣ್ಣಾಗ ನೀರಿತ್ರಿ."

ಆ ಮಾತು ಶರಣಯ್ಯನನ್ನು ನಿದ್ರೆಗೆ ಬಿಡಲಿಲ್ಲ. ಸಂಭವದ ಲೆಕ್ಕ ಅವನಿಗೆ ಗೊತ್ತಿತ್ತು. ಆದರೆ ಹತ್ತಿರ ಕುಳಿತು ಹೇಳುವವರಿಲ್ಲದ ಹೆಣ್ಣುಮಗಳಿಗೆ ಆ ಲೆಕ್ಕದಿಂದ ಏನು ಪ್ರಯೋಜನ? ಬೆಳಿಗ್ಗೆ ಹೆಡ್ಮಾಸ್ತರರಲ್ಲಿ ರಜೆ ಕೇಳಿದ. ತಾಯಿಗೆ ಶಾಲೆಯ ಕೆಲಸದ ಮೇಲೆ ಸಿರವಾರಕ್ಕೆ ಹೋಗುವುದಾಗಿ ಹೇಳಿದ.

"ಮಳಿ ಬರೂ ಹಂಗದ, ಛತ್ರಿ ತಗೋ," ಎಂದಷ್ಟೇ ಚನ್ನಮಲ್ಲಮ್ಮ ಅಂದರು.

ಬಸ್‌ಸ್ಟ್ಯಾಂಡಿನಲ್ಲಿ ಜನ ಎಂದಿಗಿಂತ ಹೆಚ್ಚಾಗಿದ್ದರು. ಕೆಲವರು ಗಂಟುಮೂಟೆಗಳೊಡನೆ ನಿಂತಿದ್ದರು. ಎಲ್ಲಿಗೆ ಹೋದರೆ ಬದುಕುತ್ತೇವೆಂಬುದು ಅವರಿಗೂ ತಿಳಿಯದು. ಶರಣಯ್ಯ ತಲೆ ತಗ್ಗಿಸಿ ಹೋಗಿ ಕಿಟಕಿಯ ಪಕ್ಕ ಕುಳಿತ.

"ಮಾಸ್ತರ್ರು ಹೊಂಟಾರ!" ಎಂದು ಯಾರೋ ಅಂದರು. ಇನ್ನೊಬ್ಬರು ಅದನ್ನೇ ಗಟ್ಟಿಯಾಗಿ ಅಂದರು. ಅಕ್ಕಿ ಮಿಲ್ಲಿನ ಶಂಭುಲಿಂಗಪ್ಪನವರು ಗಲ್ಲಾಪೆಟ್ಟಿಗೆ ಬಿಟ್ಟೆದ್ದು ರಸ್ತೆಗೆ ಬಂದರು. ಕ್ಷಣದಲ್ಲಿ ಬಸ್ಸಿನ ಸುತ್ತ ಮುಖಗಳೇ ಮುಖಗಳು. ಅವುಗಳ ನಡುವೆ ಕಂಬಳಿ ಹೊದ್ದ ದುರುಗಪ್ಪ.

"ನೀವೂ ಊರು ಬಿಟ್ರ್ಯಾ ಸರ?"

"ಕೆಲಸ ಅದ ದುರುಗಪ್ಪ. ಸಂಜಿಗೆ ಬರ್ತೀನಿ."

"ಎಂಥಾ ಕೆಲಸ್ರಿ?"

ಶರಣಯ್ಯ ಛತ್ರಿಯ ಗುಂಡಿ ಬಿಚ್ಚಿ ಮತ್ತೆ ಹಾಕಿದ. ದುರುಗಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ತಿರುಗಿ ಕಾಲುವೆಯ ಕಡೆಗೆ ನಡೆದ. ಬೈದಿದ್ದರೆ ತಾಳಬಹುದಿತ್ತು. ಗಬ್ಬದ ಕುರಿಗಳು, ತಿಂಗಳು ತುಂಬದ ಮರಿಗಳು, ಎಲ್ಲವೂ ಈ ಒಂದು ಟಿಕೀಟಿನ ಮೇಲೆ ನಿಂತಿದ್ದವು. ವಲಿ ಪಾಷಾ ಸೀಟಿ ಊದಿದ, ಬಸ್ಸು ಅಲುಗಾಡಿತು. ಶರಣಯ್ಯ ಎದ್ದು, ಚಲಿಸುವ ಬಸ್ಸಿನ ಮೆಟ್ಟಿಲಿಗೆ ಬಂದು ಕೂಗಿದ:

"ಲೇ ದುರುಗಪ್ಪ! ಹೆಂಡ್ತಿನ್ನ ನೋಡಾಕ ಹೊಂಟೀನೋ!"

ಬಸ್ಸು ನಿಂತಿತು.

"ಆಷಾಢದಾಗ?" ಶಂಭುಲಿಂಗಪ್ಪನವರು ಕೇಳಿದರು.

"ಆಷಾಢದಾಗ."

"ಚನ್ನಮಲ್ಲವ್ವಗ ಗೊತ್ತದೇನು?"

"ಇಲ್ರಿ. ಸಿರವಾರಕ್ಕ ಅಂತ ಹೇಳೀನಿ."

ಮೊದಲು ನಕ್ಕವಳು ಬಾಳೆಹಣ್ಣಿನ ಬುಟ್ಟಿಯ ಯಂಕಮ್ಮ. ಆಮೇಲೆ ನಗೆ ಸ್ಟ್ಯಾಂಡಿನ ಉದ್ದಕ್ಕೂ ಹರಿಯಿತು. ಎಷ್ಟೋ ದಿನದಿಂದ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶರಣಯ್ಯನ ಕಿವಿ ಕೆಂಪಾದವು. ದುರುಗಪ್ಪ ಹಿಂತಿರುಗಿ ಬಂದು, ನ್ಯಾಯ ಹೇಳುವ ಹಿರಿಯನಂತೆ ಕೈಯೆತ್ತಿದ.

"ಬೀಳೂದು ಖರೇ ಇದ್ದಿದ್ರ ಮಾಸ್ತರ್ರು ಅವ್ವನ್ನ ಬಿಟ್ಟು ಹೋಗ್ತಿದ್ದಿಲ್ಲ. ಮತ್ತ ಸುಳ್ಳು ಹೇಳವ್ರು ಇಂಥಾ ಸುಳ್ಳು ಹೇಳಂಗಿಲ್ಲ. ನಡೀರಿ, ಮನಿಗೆ ನಡೀರಿ!"

ಗಂಟುಗಳು ಒಂದೊಂದಾಗಿ ಹೆಗಲೇರಿ ಮನೆಯ ಕಡೆ ತಿರುಗಿದವು. ಭೂಮಿಯ ಮುಕ್ಕಾಲು ಪಾಲು ನೀರೆಂಬ ಮಾತಿನಿಂದ ಆಗದೆ ಉಳಿದಿದ್ದ ಕೆಲಸ ಅದು.

ದೇವದುರ್ಗದಲ್ಲಿ ಅತ್ತೆ ಬಂಡೆಮ್ಮ ಮುಂಬಾಗಿಲಲ್ಲೇ ಅಕ್ಕಿ ಆರಿಸುತ್ತಿದ್ದರು. ಅಳಿಯನನ್ನು ಕಂಡೊಡನೆ "ಅಯ್ಯ ಯವ್ವಾ!" ಎಂದು ಮೊರವನ್ನು ಅಲ್ಲಿಯೇ ಬಿಟ್ಟು ಒಳಗೆ ಸರಿದರು. ಶರಣಯ್ಯ ಬೀದಿಯಲ್ಲೇ ನಿಂತ. ಒಳಗಿನಿಂದ ನೀಲಗಂಗಮ್ಮನ ದನಿ ಕೇಳಿಸಿತು: "ಹಿತ್ತಲಕಡಿಂದ ಬರ್ರಿ. ಹೊಸ್ತಿಲು ದಾಟಬ್ಯಾಡ್ರಿ."

ಅವನು ಓಣಿ ಸುತ್ತಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ. ಬೇವಿನ ನೆರಳಿನಲ್ಲಿ ಅವಳು ಎದುರಿಗೆ ನಿಂತಳು. ಕಣ್ಣು ಇನ್ನೂ ಊದಿದ್ದವು. ಬಸ್ಸಿನಲ್ಲಿ ಕ್ರಮವಾಗಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅವನು ಮೊದಲಿನಿಂದ ಆರಂಭಿಸಿದ.

"ನೋಡು ನೀಲಾ, ಭೂಮಿ ಮ್ಯಾಗ ಮುಕ್ಕಾಲು ಪಾಲು..."

"ಅದಿರ್ಲಿ. ಬಸ್‌ಸ್ಟ್ಯಾಂಡಿನ್ಯಾಗ ಏನಂತ ಒದರಿದ್ರಿ?"

ಅವನು ಓಣಿ ಸುತ್ತುವಷ್ಟರಲ್ಲಿ ವಲಿ ಪಾಷಾ ಮುಟ್ಟಿಸಿದ ಸುದ್ದಿ ಅಂಗಡಿಯಿಂದ ಮನೆಗೆ ಬಂದಾಗಿತ್ತು. ಶರಣಯ್ಯ ತಲೆ ತಗ್ಗಿಸಿದ.

"ಊರ ಮುಂದ?" ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಅವನು ಗಾಬರಿಯಿಂದ ಎದ್ದ, ಅವಳು ನಗುತ್ತಿದ್ದಳು.

ಅಡುಗೆಮನೆಯ ಕಿಟಕಿಯ ಸರಳುಗಳ ನಡುವಿನಿಂದ ಬಳೆ ತೊಟ್ಟ ಕೈಯೊಂದು ಹೊರಬಂತು. ಕೈಯಲ್ಲಿ ಚಹಾದ ಲೋಟ. ಯಾರ ಮುಖವೂ ಕಾಣಲಿಲ್ಲ. ಹೊಸ್ತಿಲು ಹೊಸ್ತಿಲಿನ ಜಾಗದಲ್ಲೇ ಇತ್ತು. ಶರಣಯ್ಯ ಎರಡೂ ಕೈಗಳಿಂದ ಲೋಟ ತೆಗೆದುಕೊಂಡ.

"ಈಗ ಅಂಜಿಕಿ ಇಲ್ಲ," ಎಂದಳು ನೀಲಗಂಗಮ್ಮ. "ಆದ್ರೂ ಹೇಳ್ರಿ. ಮುಕ್ಕಾಲು ಪಾಲು ಏನು?"

ಸಂಜೆ ಮರಳುವಾಗ ಮಾನ್ವಿಯ ಹೊರಗೆ ಬಸ್ಸು ಬಹಳ ಹೊತ್ತು ನಿಲ್ಲಬೇಕಾಯಿತು. ರಸ್ತೆಯ ತುಂಬ ಕುರಿಗಳು. ಹಿಂದಿನಿಂದ ಮರಿಯೊಂದನ್ನು ಕಂಕುಳಲ್ಲಿ ಹಿಡಿದು ಬರುತ್ತಿದ್ದ ದುರುಗಪ್ಪ, ಕಿಟಕಿಯತ್ತ ಕೋಲು ತೋರಿಸಿ ಬಾಯ್ತುಂಬ ನಕ್ಕ.

ಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು. ಶರಣಯ್ಯ ಛತ್ರಿಯ ಮಡಿಕೆಗಳನ್ನು ಸರಿಪಡಿಸುತ್ತಾ ಅಂಗಳದಲ್ಲೇ ತಡೆದ.

"ಸಿರವಾರದಾಗ ನನ್ನ ಸೊಸಿ ಆರಾಮದಾಳೇನು?" ಎಂದು ಚನ್ನಮಲ್ಲಮ್ಮ ಕೇಳಿದರು.

"ಅದಾಳವ್ವ."

"ಅಂಜ್ಯಾಳೇನು?"

"ಈಗಿಲ್ಲ."

"ಹಂಗಾರ ಕೈಕಾಲು ತೊಳಕೋ, ರೊಟ್ಟಿ ಆರಾಕತ್ತಾವು." ಒಳಗೆ ತಿರುಗಿದವರು ಮತ್ತೆ ನಿಂತು, ಮುಖ ತೋರಿಸದೆ ಅಂದರು: "ಹೋಗೂದು ಹೋದಿ, ಆಕಿಗೆ ಸೇರ್ತಾವಂತ ಕರದಿಟ್ಟಿದ್ದ ಚಕ್ಕಲಿ ಒಯ್ಯಲಿಲ್ಲ ನೋಡು."