ಬರ್ಗನ್‌ನಲ್ಲಿ ಅಬ್ದುಲ್ ರವೂಫ್

ನನ್ನ ಗಂಡನಿಗೆ ಬರ್ಗನ್ ಎಂಬ ಊರಿನ ಹುಚ್ಚು ಹಿಡಿದದ್ದು ಹಡಗಿನ ಬೆನ್ನು ನೋಡಿ. ದುಬೈ ಬಂದರಿನಲ್ಲಿ ಹಡಗುಗಳಿಗೆ ಸಾಮಾನು ತಲುಪಿಸುವ ಕಂಪೆನಿಯಲ್ಲಿ ಅವರಿಗೆ ಕೆಲಸ. ಹಡಗಿನ ಹಿಂಭಾಗದಲ್ಲಿ ಅದರ ಊರಿನ ಹೆಸರು ಬರೆದಿರುತ್ತದಂತೆ. ಒಂದರ ಮೇಲೆ ಬರ್ಗನ್ ಎಂದಿತ್ತು. ನಾರ್ವೆಯ ಕಡಲ ದಡದ ಹಳೇ ಊರು, ನೂರಾರು ವರ್ಷ ಒಣಮೀನು ಮಾರಿಯೇ ದೊಡ್ಡದಾದ ಊರು ಎಂದು ಆ ಹಡಗಿನ ಅಡುಗೆಯವನು ಹೇಳಿದನಂತೆ. ಉಳ್ಳಾಲದಲ್ಲಿ ಒಣಮೀನಿನ ವಾಸನೆಯಲ್ಲೇ ಬೆಳೆದ ಬ್ಯಾರಿಗೆ ಅಷ್ಟು ಸಾಕಾಯಿತು.

ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ದೂರದ ಪ್ರಯಾಣ ಬೇಡ ಎಂದರು. ಇವರು ಬಿಡುವ ಜನವೇ? ಗೈಡ್ ಫೋನು ಹಿಡಿದು ಊರು ಸುತ್ತುವುದು, ನಾವು ಮನೆಯಲ್ಲೇ ಕೂತು ನೋಡುವುದು, ಅಂಥದೊಂದು ಟೂರ್ ಬುಕ್ ಮಾಡಿದರು. ಆ ದಿನ ಬಂದಾಗ ಇವರು ಹೋಗಿ ಐವತ್ತಮೂರು ದಿನವಾಗಿತ್ತು.

ನಾನು ಇದ್ದತ್ ಕೂತಿದ್ದೆ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಮುಂದೆ ಬರಬಾರದು. ದುಬೈಯ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಿಂದ ಖಬರಸ್ಥಾನಕ್ಕೆ ಕಾರಿನಲ್ಲಿ ಹತ್ತೇ ನಿಮಿಷ. ಅಲ್ಲಿಗೂ ಹೋಗಿರಲಿಲ್ಲ. ಟೂರ್ ನೋಡಬಹುದೋ ಬಾರದೋ ಎಂದು ಎದುರು ಮನೆಯ ಮಿಸ್ರಿಯಾಳನ್ನು ಕೇಳಿದೆ. ಅವಳೇನು ಮುಫ್ತಿಯಲ್ಲ, ಆದರೆ ದಿನಾ ಊಟ ತಂದುಕೊಡುವವಳು ಅವಳೇ.

"ಆ ಗೈಡಿಗೆ ನೀನು ಕಾಣುದಿಲ್ಲ, ನಿನ್ನ ಸ್ವರ ಕೇಳುದಿಲ್ಲ. ಮತ್ತೆಂತ ಮಾರಾಯ್ತಿ, ನೋಡು" ಎಂದಳು.

ಮಧ್ಯಾಹ್ನ ಮೂರಕ್ಕೆ ಕ್ಯಾಮೆರಾ, ಮೈಕ್ ಎರಡನ್ನೂ ಬಂದ್ ಮಾಡಿ ಇವರದ್ದೇ ಫೋನಿನಲ್ಲಿ ಒಳಹೊಕ್ಕೆ. ಬರ್ಗನ್‌ನಲ್ಲಿ ಹನಿ ಮಳೆ. ಕೊಡೆ ಹಿಡಿದ ಗೈಡ್ ಬಂದವರ ಹೆಸರುಗಳನ್ನು ಒಂದೊಂದಾಗಿ ಓದಿ ಸ್ವಾಗತಿಸಿದ. "ದುಬೈಯಿಂದ ಅಬ್ದುಲ್ ರವೂಫ್" ಎಂದ.

ಆಸ್ಪತ್ರೆಯಲ್ಲಿ ಉಸಿರು ನಿಂತ ಗಳಿಗೆಯಿಂದ ಇವರು ಎಲ್ಲರ ಬಾಯಲ್ಲಿ ಹೆಸರು ಹೋಗಿ ಬರೀ 'ಮಯ್ಯತ್', ಅಂದರೆ ಶವ, ಆಗಿದ್ದರು, ಆಮೇಲೆ 'ಮರ್ಹೂಂ', ಅಂದರೆ ದಿವಂಗತ, ಆದರು. ನಾನಂತೂ ಗಂಡನ ಹೆಸರು ಹೇಳಬಾರದೆಂದು ಕಲಿತು ಬಂದವಳು. ಮಕ್ಕಳಿಲ್ಲದ ನನಗೆ ಇಂಥವನ ಬಾಪ ಎಂದು ಕರೆಯುವ ಅನುಕೂಲವೂ ಇರಲಿಲ್ಲ. 'ಕೇಳ್ತದಾ' ಎಂಬುದೇ ಇಪ್ಪತ್ತೊಂಬತ್ತು ವರ್ಷ ನಾನಿಟ್ಟುಕೊಂಡಿದ್ದ ಹೆಸರು. ಈಗ ಎಲ್ಲೋ ಇರುವ ಒಬ್ಬ ಪರದೇಶಿ, ಬದುಕಿರುವವರನ್ನು ಕರೆದ ಹಾಗೆ ಕರೆದ. ಅದು ತಪ್ಪೆಂದು ಹೇಳುವ ಮನಸ್ಸಾಗಲಿಲ್ಲ.

ಸಾಲಾಗಿ ನಿಂತ ಮರದ ಮನೆಗಳು ಕಂಡವು, ಕೆಂಪು, ಹಳದಿ, ಬಿಳಿ. ಎರಡು ಓಣಿ ಕೂಡುವಲ್ಲಿ ಅವನು "ಅಬ್ದುಲ್, ಎಡಕ್ಕೋ ಬಲಕ್ಕೋ?" ಎಂದು ಕೇಳಿದ. ಎಡಕ್ಕೆ ಎಂದು ಟೈಪ್ ಮಾಡಿದೆ. ಇವರಿದ್ದಿದ್ದರೆ ಬಲಕ್ಕೆ ಎನ್ನುತ್ತಿದ್ದರು. ನಾನು ಹೇಳಿದ್ದಕ್ಕೆ ಉಲ್ಟಾ ಹೊಡೆಯದಿದ್ದರೆ ಅವರಿಗೆ ಉಂಡದ್ದು ಕರಗುತ್ತಿರಲಿಲ್ಲ.

ಒಂದು ಮನೆಯೊಳಗೆ ಕಪಾಟಿನಂಥ ಮಂಚ ತೋರಿಸಿದ. ಜರ್ಮನಿಯಿಂದ ವ್ಯಾಪಾರಕ್ಕೆ ಬಂದ ಗಂಡಸರು ಅದರಲ್ಲಿ ಇಬ್ಬಿಬ್ಬರಾಗಿ ಮಲಗುತ್ತಿದ್ದರಂತೆ. ಹೆಂಗಸರನ್ನು ಇಟ್ಟುಕೊಳ್ಳುವಂತಿಲ್ಲ. ಮರದ ಮನೆಯೆಂದು ಚಳಿಗೆ ಬೆಂಕಿಯನ್ನೂ ಹಾಕುವಂತಿಲ್ಲ.

ನನ್ನ ಮನಸ್ಸು ಆ ಮಂಚದ ಹತ್ತಿರವೇ ನಿಂತುಬಿಟ್ಟಿತು. ಇವರೂ ನಿಕಾಹ್ ಆದಮೇಲೆ ಹದಿನಾಲ್ಕು ವರ್ಷ ದುಬೈಯ ದೇರಾದಲ್ಲಿ ಬ್ಯಾಚುಲರ್. ಹೆಂಡತಿ ಊರಲ್ಲಿದ್ದವರೆಲ್ಲ ಇಲ್ಲಿ ಬ್ಯಾಚುಲರೇ. ಒಂದು ಕೋಣೆಗೆ ಹನ್ನೆರಡು ಜನ, ಮಂಚದ ಮೇಲೆ ಮಂಚ. ಫೋನಿನಲ್ಲಿ ಮಾತ್ರ ಆರಾಮ ಇದ್ದೇನೆ ಎನ್ನುತ್ತಿದ್ದರು. ನಾನು ನಂಬಿ, ಬರುವಾಗ ಸೆಂಟು ತನ್ನಿ, ಕಂಬಳಿ ತನ್ನಿ ಎಂದು ಪಟ್ಟಿ ಓದುತ್ತಿದ್ದೆ. ಅಲ್ಲಿ ನಿಮಗೆ ಬೇಸರ ಆಗುವುದಿಲ್ಲವಾ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು.

ಕೊನೆಗೆ ಗೈಡ್ ಬಂದರಿನ ಧಕ್ಕೆಗೆ ಬಂದ. ಅಲ್ಲೊಂದು ಹಡಗು ಬೆನ್ನು ತೋರಿಸಿಕೊಂಡು ನಿಂತಿತ್ತು. ಎಲ್ಲರೂ ಮೈಕ್ ತೆರೆದು ವಿದಾಯ ಹೇಳಿದರು. ಉಳಿದವಳು ನಾನೊಬ್ಬಳೇ.

"ಅಬ್ದುಲ್, ನಿಮ್ಮ ಸ್ವರವೇ ಕೇಳಲಿಲ್ಲ. ಇದ್ದೀರಾ?"

ಸುಮ್ಮನಿದ್ದರೆ ಮುಗಿಯುತ್ತಿತ್ತು. ಬರ್ಗನ್‌ನ ಪಾಲಿಗಾದರೂ ಇವರು ಬದುಕಿರುತ್ತಿದ್ದರು. ಆದರೆ ಇದ್ದೀರಾ ಎಂದು ಕೇಳಿದವನಿಗೆ ಹೇಗೆ ಸುಳ್ಳು ಹೇಳಲಿ? ಮಿಸ್ರಿಯಾ ಹೇಳಿದ್ದನ್ನು ಬದಿಗಿಟ್ಟು ಮೈಕ್ ಒತ್ತಿದೆ.

"ಅಬ್ದುಲ್ ರವೂಫ್ ಇಲ್ಲ" ಎಂದೆ ಬಂದಷ್ಟು ಇಂಗ್ಲಿಷಿನಲ್ಲಿ. "ತೀರಿಹೋದರು. ನಾನು ಅವರ ಹೆಂಡತಿ, ಹಲೀಮ."

ಅವನು ಹಡಗಿನ ಹತ್ತಿರ ನಡೆದು, ಅದರ ಬೆನ್ನಿನ ಮೇಲಿದ್ದ ಬರ್ಗನ್ ಎಂಬ ಹೆಸರಿಗೆ ಕ್ಯಾಮೆರಾ ಹಿಡಿದು ತುಂಬಾ ಹೊತ್ತು ನಿಂತ. ಆಮೇಲೆ ಟೂರ್ ಮುಗಿಯಿತು.

ಮನೆಯಲ್ಲಿ ಎಸಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಗಂಡನ ಹೆಸರು ಮೊದಲ ಸಲ ನನ್ನ ಬಾಯಿಗೆ ಬಂದದ್ದು ಅವರಿಲ್ಲ ಎಂದು ಹೇಳುವುದಕ್ಕೆ. ಅದಕ್ಕೆ ಮಾತ್ರವೇ ಆಗಬಾರದೆಂದು ಕೋಣೆಯ ಬಾಗಿಲಿಗೆ ಹೋಗಿ ಕರೆದೆ, ಅಬ್ದುಲ್ ರವೂಫ್ ಎಂದು. ಇನ್ನೊಮ್ಮೆ, ಜೋರಾಗಿ. ಓಗೊಡುವವರು ಇದ್ದಷ್ಟು ದಿನ ನಾನು ಕರೆದಿರಲಿಲ್ಲ.