ಮನೆಯಿಂದ ತಂದ ಬಾಟಲಿ

ಹಾಸನದಲ್ಲಿ ನೆತ್ತಿಗೇರಿದ ಸಿಟ್ಟು ಹೊಳೆನರಸೀಪುರ ದಾಟಿದರೂ ಜಿಲ್ಲಾ ಪ್ರಯೋಗಾಲಯದ ಶಾಂತಿಗೆ ಇಳಿಯಲಿಲ್ಲ. ಕರುಳಿನ ರೋಗಾಣುಗಳ ಹಿಂದೆಯೇ ಅರ್ಧ ಆಯುಸ್ಸು ಸವೆಸಿದವಳು ಅವಳು. ಭೇದಿ ಎಲ್ಲಿ ಎಂದರೆ ಅಲ್ಲಿಗೆ ಸೀಸೆ ಹಿಡಿದು ಓಡಿದವಳು. ನೆಂಟರು ‘ಕಕ್ಕಸು ಡಾಕ್ಟ್ರು’ ಎಂದು ಆಡಿಕೊಂಡಾಗ ತಾನೂ ಜೊತೆಗೆ ನಕ್ಕವಳು. ನಿನ್ನೆ ಪರಮೇಶ್ ಫೋನಿನಲ್ಲಿ ಹೇಳಿದ ಮಾತಿಗೆ ಮಾತ್ರ ಅವಳಿಗೆ ನಗು ಬರಲಿಲ್ಲ.

ಪರಮೇಶ್ ಆ ಕಡೆಯ ಆರೋಗ್ಯ ನಿರೀಕ್ಷಕ. ಕೆಂಚನಕೊಪ್ಪಲಿನ ಶಾಲೆಯ ಹತ್ತಾರು ಮಕ್ಕಳು ರಕ್ತಭೇದಿ ಹಿಡಿದು ಆಸ್ಪತ್ರೆ ಸೇರಿದ್ದರು. ಬಿಸಿಯೂಟವೇ ಕಾರಣ, ಅಡುಗೆಯ ಸಣ್ಣಕ್ಕನನ್ನು ತೆಗೆದುಹಾಕಿ ಎಂದು ಊರಿನವರು ಪಟ್ಟು ಹಿಡಿದಿದ್ದರು.

“ಕೇರಿ ಮಕ್ಕಳೂ ಅದೇ ಊಟ ಉಂಡಿದಾರಲ್ಲ, ಅವರಿಗ್ಯಾಕೆ ಏನೂ ಆಗಿಲ್ಲ?” ಎಂದು ಶಾಂತಿ ಕೇಳಿದ್ದಳು.

“ಅವರ ಹೊಟ್ಟೆ ಗಲೀಜಿಗೆ ಒಗ್ಗೋಗಿರುತ್ತೆ ಮೇಡಂ.”

ಶಾಂತಿ ಹುಟ್ಟಿ ಬೆಳೆದದ್ದು ಅಂಥದೇ ಕೇರಿಯಲ್ಲಿ. ಪಾಪ, ಅವನಿಗದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ಬಾಯಿಗೆ ಬಂದದ್ದು ಆಡಬಹುದೇನು? ನೀರಿನ ಪರೀಕ್ಷೆ ಎಂದರೆ, ಅದೂ ಆಗಿದೆಯಂತೆ, ನೀರು ಚೊಕ್ಕವಾಗಿದೆಯಂತೆ. ಮೊದಲು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದು, ಮಾರನೆಯ ದಿನ ನೀರು ಹಿಡಿದಿದ್ದಾರೆ ಈ ಮಹಾನುಭಾವರು. ಕಳ್ಳನನ್ನು ಓಡಿಸಿ ಆಮೇಲೆ ಮನೆ ಜಾಲಾಡಿದ ಹಾಗೆ.

ಶಾಲೆಯ ಅಡುಗೆಮನೆಯ ಮೆಟ್ಟಿಲ ಮೇಲೆ ಸಣ್ಣಕ್ಕ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

“ಕೆಲ್ಸ ಓದ್ರೆ ಕೂಲಿಗೆ ಓಯ್ತೀನಿ ಕಣವ್ವ. ಮಕ್ಳಿಗೆ ವಿಸ ಇಕ್ಕಿದೋಳು ಅಂತಾರಲ್ಲ, ಆ ಮಾತ ಎಲ್ಲಿಗೆ ಒತ್ಕೊಂಡೋಗ್ಲಿ? ಕುಡಿಯೋ ನೀರ್ನೂ ಕಾಯ್ಸೇ ಮಡಗ್ತೀನಿ.”

“ಆ ನೀರು ಎಲ್ಲಾ ಮಕ್ಕಳೂ ಕುಡೀತಾರಾ?”

“ನಮ್ ಕೇರಿವು ಕುಡೀತವೆ. ಮೇಗ್ಲಬೀದಿವು ಮನೆಯಿಂದ್ಲೇ ಬಾಟ್ಲು ತತ್ತವೆ.”

“ಯಾಕೆ?”

ಸಣ್ಣಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ಯಾಕೆ ಅಂತ ನನ್ನ ಕೇಳ್ತೀಯಲ್ಲವ್ವ.”

ಶಾಂತಿಗೆ ಅರ್ಥವಾಯಿತು. ಅನ್ನ ಸರ್ಕಾರದ್ದು, ಅದಕ್ಕೆ ದೋಷವಿಲ್ಲ. ನೀರಿಗೆ ಮಾತ್ರ ಸಣ್ಣಕ್ಕನ ಕೈ ತಾಕಬಾರದು. ಆಸ್ಪತ್ರೆ ಸೇರಿದವರಲ್ಲಿ ಒಬ್ಬರಾದರೂ ಕೇರಿಯವರಿದ್ದಾರಾ ಎಂದು ಮೇಷ್ಟ್ರನ್ನೂ ಕೇಳಿ ಖಚಿತ ಮಾಡಿಕೊಂಡಳು. ಒಬ್ಬರೂ ಇರಲಿಲ್ಲ. ಶಾಲೆಯಲ್ಲೇ ವಾಂತಿ ಶುರುವಾಗಿ ಮಕ್ಕಳನ್ನು ಎತ್ತಿಕೊಂಡು ಓಡಿದ್ದರಿಂದ ಅವರ ಚೀಲಗಳು ತರಗತಿಯಲ್ಲೇ ಉಳಿದಿದ್ದವು. ಚೀಲಗಳಲ್ಲಿ ಬಾಟಲಿಗಳು, ಬಾಟಲಿಗಳಲ್ಲಿ ಪೌಡರ್ ಸುರಿಯುವುದಕ್ಕೆ ಮುಂಚಿನ ನೀರು.

ಅವಳು ಮೇಷ್ಟ್ರ ಕಣ್ಣೆದುರೇ ಬಾಟಲಿಗಳಿಗೆ ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಹಾಸನಕ್ಕೆ ಒಯ್ದಳು. ಆಸ್ಪತ್ರೆಯಿಂದ ಮಕ್ಕಳ ಮಲವನ್ನೂ ತರಿಸಿಕೊಂಡಳು. ಎರಡರಲ್ಲೂ ಬೆಳೆದದ್ದು ಒಂದೇ, ರಕ್ತಭೇದಿ ತರುವ ಶಿಗೆಲ್ಲ ಎಂಬ ರೋಗಾಣು. ಮಕ್ಕಳು ಮಲಗಿದ ದಿನ ಸಣ್ಣಕ್ಕ ಕಾಯಿಸಿದ್ದ ನೀರು ಹಂಡೆಯಲ್ಲಿ ಉಳಿದಿತ್ತು, ಅದನ್ನೂ ತಂದಿದ್ದಳು; ಅದರಲ್ಲಿ ಏನೂ ಬೆಳೆಯಲಿಲ್ಲ.

ಮತ್ತೆ ಕೆಂಚನಕೊಪ್ಪಲಿಗೆ ಹೋದಾಗ ಶಾಲೆಯ ಜಗಲಿಯಲ್ಲಿ ಊರೇ ಸೇರಿತ್ತು. ನಡುವೆ ಕುರ್ಚಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ನಂಜಪ್ಪ. ಅವನ ಮೊಮ್ಮಗಳೂ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದಳು. ಪೈಪುಗಳ ಜಾಡು ಹಿಡಿದು ಊರು ಸುತ್ತಿ ಬಂದಿದ್ದ ಶಾಂತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮೇಗಲಬೀದಿಯ ನಲ್ಲಿ ಪೈಪು ಚರಂಡಿಯೊಳಗೇ ಒಡೆದಿದೆ. ಕೇರಿಯ ಪೈಪು ಬೇರೆ. ರೋಗ ಬಂದದ್ದು ನೀವೇ ತುಂಬಿಸಿ ಕಳಿಸಿದ ಬಾಟಲಿಯಲ್ಲಿ. ಸಣ್ಣಕ್ಕ ಕಾಯಿಸಿಟ್ಟ ನೀರು ಕುಡಿದಿದ್ದರೆ ನಿಮ್ಮ ಮಕ್ಕಳಿಗೆ ಏನೂ ಆಗುತ್ತಿರಲಿಲ್ಲ.

ಜನರ ನಡುವೆ ನಿಂತಿದ್ದ ಪರಮೇಶ್ ಫೋನು ಹಿಡಿದು ಅಂಗಳಕ್ಕಿಳಿದ.

“ಆಯ್ತು ಕಣಮ್ಮ,” ಎಂದ ನಂಜಪ್ಪ. “ಪೈಪ್ ಸರಿ ಮಾಡುಸ್ತೀವಿ. ಆವಮ್ಮ ಅಡ್ಗೆ ಮಾಡ್ಕೊಂಡಿರ್ಲಿ, ನಮ್ದೇನು ತಕರಾರಿಲ್ಲ. ಪೈಪ್ ಸರಿಯಾಗೋಗಂಟ ನಮ್ ಮಕ್ಳಿಗೆ ಅರಕಲಗೂಡಿಂದ ಕ್ಯಾನ್ ನೀರು ತರುಸ್ತೀವಿ.”

“ಕ್ಯಾನ್ ಯಾಕೆ? ಕಾಯಿಸಿದ ನೀರು ಇಲ್ಲೇ ಇದೆಯಲ್ಲ.” ಶಾಂತಿ ಅಡುಗೆಮನೆಯ ಕಡೆ ತಿರುಗಿದಳು. “ಸಣ್ಣಕ್ಕ, ಎರಡು ಲೋಟ ನೀರು ತನ್ನಿ.”

ಸಣ್ಣಕ್ಕ ತಂದಳು. ಶಾಂತಿ ಒಂದನ್ನು ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದಳು. ಇನ್ನೊಂದನ್ನು ನಂಜಪ್ಪನಿಗೆ ಕೊಡುವಂತೆ ಸನ್ನೆ ಮಾಡಿದಳು.

ನಂಜಪ್ಪ ಲೋಟ ನೋಡಿದ, ಜನರನ್ನು ನೋಡಿದ. ಗಂಟಲು ಸರಿಮಾಡಿಕೊಂಡ. “ನಂಗೆ ನೆಗಡಿ ಕಣಮ್ಮ. ತಣ್ಣೀರು ಆಗಾಕಿಲ್ಲ.”

“ಈಗ್ಲೇ ಕಾಯ್ಸಿದ್ದು ಕಣ್ ಗೌಡ್ರೇ,” ಎಂದಳು ಸಣ್ಣಕ್ಕ. “ಇನ್ನೂ ಬೆಚ್ಚಗೈತೆ.”

ಅವಳು ಲೋಟ ಚಾಚಿಕೊಂಡೇ ನಿಂತಿದ್ದಳು. ನಂಜಪ್ಪನ ಕೈ ಮುಂದೆ ಬರಲಿಲ್ಲ.