ಉಮ್ಮನ ಎರಡನೇ ಮಣ್ಣು

ಹೆತ್ತ ಉಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಮಿಜಾರಿನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ನಡೆಸುತ್ತಿದ್ದ ಫರ್ಹಾನಳಿಗೆ ಆ್ಯಸಿಡ್ ಬಾಟಲಿಗಳ ಕಪಾಟಿನ ಹಿಂದಿನಿಂದ ಉಮ್ಮನ ದನಿ ಕೇಳಿಸಿತು. ಅದೇ ಬ್ಯಾರಿ ಮಾತು, ಅದೇ ಸ್ವಲ್ಪ ಒಡಕು ಗಂಟಲು.

"ಫರೂ, ಚಾ ತಣಿಯುತ್ತದೆ."

ತಿರುಗಿದಳು. ವಿದ್ಯಾರ್ಥಿಗಳು ತಲೆ ಬಗ್ಗಿಸಿ ಬ್ಯುರೆಟ್ಟಿನ ಹನಿ ನೋಡುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ದನಿಗಳು ಅವಳಿಗೆ ಹೊಸತಲ್ಲ. ಎಂಎಸ್ಸಿ ಓದುವಾಗಲೇ ಸ್ಕಿಜೋಫ್ರೇನಿಯಾ ಶುರುವಾಗಿತ್ತು. ಕೋಣೆಯ ಗವಾಕ್ಷಿಯಿಂದ ಯಾರೋ ಕ್ಲೋರಿನ್ ಬಿಡುತ್ತಿದ್ದಾರೆಂದು ಹಾಸ್ಟೆಲಿನ ಬಚ್ಚಲಲ್ಲಿ ಚಿಲಕ ಹಾಕಿ ಕೂತವಳನ್ನು ಬಾಗಿಲು ಒಡೆದು ಹೊರಗೆ ತಂದಿದ್ದರು. ಆಗಿನಿಂದ ಒಬ್ಬ ಗಂಡಸಿನ ದನಿ ಜೊತೆಗಿತ್ತು. ಹಳೆಯ ರೇಡಿಯೋ ವಾರ್ತೆಯಂಥ ಕನ್ನಡ: "ಈಕೆ ಈಗ ತಪ್ಪುತ್ತಾಳೆ. ಈಕೆಗೆ ಏನೂ ತಿಳಿಯದು." ಮಾತ್ರೆ ಅವನನ್ನು ಓಡಿಸಲಿಲ್ಲ, ದೂರ ಕೂರಿಸಿತು. ಉಮ್ಮ ಜೈನಬಮ್ಮ ಅವನನ್ನು ಬೇಡದ ನೆಂಟನಂತೆ ವಿಚಾರಿಸುತ್ತಿದ್ದರು. "ಇವತ್ತು ಬಂದಿದ್ದನಾ ಅವ? ಇರಲಿ, ನೀನು ಉಣ್ಣು." ಊಟವಾದ ಮೇಲೆ ಮಾತ್ರೆಯನ್ನು ತಮ್ಮ ಅಂಗೈಯಲ್ಲಿಟ್ಟು ಚಾಚುತ್ತಿದ್ದರು. ಹಾಗೆಯೇ ವರ್ಷಗಳು ಕಳೆದು ಫರ್ಹಾನ ಪಿಎಚ್‌ಡಿ ಮುಗಿಸಿದಳು, ಕೆಲಸಕ್ಕೆ ಸೇರಿದಳು, ಮಕ್ಕಳು ಹುಡುಕಿಕೊಂಡು ಬಂದು ಕೇಳುವಂಥ ಪಾಠ ಮಾಡಿದಳು.

ಅದೇ ವಿಭಾಗದ ಲೆಕ್ಚರರ್ ವಿಸ್ಮಿತಾಳಿಗೆ ಎಲ್ಲ ಗೊತ್ತಿತ್ತು. ಸಂಶಯ ಬಂದಾಗ ಫರ್ಹಾನ ಕೇಳುತ್ತಿದ್ದಳು, "ಈಗ ಯಾರಾದರೂ ಕರೆದರಾ?" ವಿಸ್ಮಿತಾ, "ಇಲ್ಲ ಮಾರಾಯ್ತಿ" ಎಂದರೆ ಅಲ್ಲಿಗೆ ಮುಗಿಯಿತು.

ಉಮ್ಮನ ದನಿ ಬಂದ ಆ ದಿನ ಫರ್ಹಾನ ವಿಸ್ಮಿತಾಳನ್ನು ಕೇಳಲಿಲ್ಲ. ಉತ್ತರ ಏನೆಂದು ಗೊತ್ತಿತ್ತು, ಅದು ಅವಳಿಗೆ ಬೇಕಿರಲಿಲ್ಲ.

ಉಮ್ಮ ಮತ್ತೆ ಮತ್ತೆ ಬಂದರು. ಪುತ್ತಿಗೆಯ ಮನೆಯಿಂದ ಬಸ್ಸಿಗೆ ನಡೆಯುವಾಗ ಹಿಂದಿನಿಂದ ಅವರ ಚಪ್ಪಲಿಯ ಸದ್ದು. ಒಗ್ಗರಣೆ ಹಾಕುವಾಗ ಕಿವಿಯ ಹತ್ತಿರ, "ಉಪ್ಪು ಜಾಸ್ತಿಯಾಯಿತು." ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದಾಗ ಫರ್ಹಾನ ಖಾಲಿ ಲ್ಯಾಬಿನಲ್ಲಿ ಕೂತು ಅವರೊಡನೆ ಪಿಸುಗುಡುತ್ತಿದ್ದಳು. ಗಂಡಸಿನ ದನಿ ಸುಮ್ಮನಾಗಿತ್ತು. ಉಮ್ಮನೇ ಅವನನ್ನು ಓಡಿಸಿದರೆಂದುಕೊಂಡಳು. ಇಷ್ಟು ನೆಮ್ಮದಿ ಅವಳಿಗೆ ಎಂದೂ ಇರಲಿಲ್ಲ.

ಒಂದು ಸಂಜೆ ಮಾತ್ರೆಗೆ ಕೈ ಚಾಚಿದಾಗ ಉಮ್ಮ ಹೇಳಿದರು, "ಬೇಡ ಫರೂ. ಅದನ್ನು ನುಂಗಿದರೆ ನನಗೆ ಬರಲಿಕ್ಕಾಗುವುದಿಲ್ಲ."

ಮಾತ್ರೆ ಡಬ್ಬಿಗೆ ಮರಳಿತು. ಮರುದಿನವೂ, ಅದರ ಮರುದಿನವೂ.

ಕೆಲವು ದಿನಗಳಲ್ಲಿ ಉಮ್ಮನ ಮಾತು ಬದಲಾಯಿತು. ಉಪ್ಪು, ಚಾ ಯಾವುದೂ ಉಳಿಯಲಿಲ್ಲ. ಒಂದು ದಿನ ಲ್ಯಾಬಿನಲ್ಲಿ, "ಆ ಮೂಲೆಯ ಹುಡುಗ ನಿನ್ನನ್ನೇ ನೋಡುತ್ತಾನೆ. ಗಾಳಿ ಮೂಸಿ ನೋಡು." ಫರ್ಹಾನ ಮೂಸಿದಳು. ಕ್ಲೋರಿನ್. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು. ಎದುರಿಗೆ ಒಂದು ಬ್ಯಾಚಿನ ಮಕ್ಕಳು ನಿಂತಿದ್ದರು. "ಬಾಗಿಲು ಹಾಕು ಫರೂ! ಯಾರನ್ನೂ ಹೊರಗೆ ಬಿಡಬೇಡ!" ಕೈ ಚಿಲಕದ ಮೇಲಿತ್ತು. ಹಾಕಬೇಕೋ ತೆರೆಯಬೇಕೋ ತಿಳಿಯಲಿಲ್ಲ. ಪಕ್ಕದ ಕೋಣೆಗೆ ಕೇಳುವಂತೆ ಕೂಗಿದಳು, "ವಿಸ್ಮಿತಾ! ವಾಸನೆ ಉಂಟಾ?"

ವಿಸ್ಮಿತಾ ಓಡಿ ಬಂದು ಎರಡು ಸಲ ಉಸಿರೆಳೆದು ನೋಡಿದಳು. "ಇಲ್ಲ ಫರ್ಹಾನ. ಏನೂ ಇಲ್ಲ." ಮಕ್ಕಳನ್ನು ಹೊರಗೆ ಕಳಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು.

"ಮಾತ್ರೆ ತೆಗೊಳ್ತಿದ್ದೀಯಾ?"

"ಉಮ್ಮ ಬೇಡ ಅಂದರು."

ವಿಸ್ಮಿತಾ ಇನ್ನೊಂದು ಸ್ಟೂಲು ಎಳೆದು ಎದುರಿಗೆ ಕೂತಳು. "ಯಾವ ಉಮ್ಮ? ನೀನು ಮಾತ್ರೆ ಮರೆತು ಟೂರಿಗೆ ಹೊರಟಾಗ, ಆಟೋ ಮಾಡಿಕೊಂಡು ಬಂದು ಬಸ್ಸು ನಿಲ್ಲಿಸಿ ಕೊಟ್ಟರಲ್ಲ, ಆ ಉಮ್ಮನಾ?"

ಫರ್ಹಾನಳಿಗೆ ಮಾತ್ರೆ ಚಾಚುತ್ತಿದ್ದ ಆ ಅಂಗೈ ಕಣ್ಣಿಗೆ ಕಟ್ಟಿದಂತಾಯಿತು. ಹಾಗಾದರೆ ಇಷ್ಟು ದಿನ ತನ್ನ ಜೊತೆ ಅಡುಗೆಮನೆಯಲ್ಲಿ ನಿಂತದ್ದು ಯಾರು? ಫೋನನ್ನು ವಿಸ್ಮಿತಾಳ ಕೈಗೆ ಕೊಟ್ಟು, "ಅಣ್ಣನಿಗೆ ಹೇಳು" ಎಂದಳು.

ಮೂಡಬಿದಿರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅಣ್ಣ ಝುಬೈರ್ ಶಟರ್ ಎಳೆದು ಕಾರು ತಂದ. ಅವಳ ಡಾಕ್ಟರು ಆ ದಿನ ಬಿ.ಸಿ. ರೋಡ್ ಪೇಟೆಯ ಕ್ಲಿನಿಕ್ಕಿನಲ್ಲಿ ಸಿಗುತ್ತಿದ್ದರು. ಸಿದ್ದಕಟ್ಟೆ ದಾಟುವಾಗ ಹಿಂದಿನ ಸೀಟಿನಿಂದ ಅಳು ಶುರುವಾಯಿತು. "ಒಂದು ಸಲ ಮಣ್ಣು ಮಾಡಿದ್ದು ಸಾಲದಾ ಫರೂ? ಎರಡನೇ ಸಲ ನೀನೇ ಮಾಡ್ತೀಯಾ?"

ಫರ್ಹಾನ ಕಿವಿ ಮುಚ್ಚಿಕೊಂಡಳು. ಝುಬೈರ್ ಕಾರನ್ನು ಬದಿಗೆ ನಿಲ್ಲಿಸಿದ. ಸ್ಟೇರಿಂಗ್ ಹಿಡಿದುಕೊಂಡೇ, ಅವಳತ್ತ ನೋಡದೆ ಕೇಳಿದ, "ಉಮ್ಮ ನನ್ನ ವಿಷಯ ಏನಾದರೂ ಕೇಳಿದರಾ?"

ಅವಳಿಗೆ ಅಣ್ಣನ ಆಸೆ ಅರ್ಥವಾಯಿತು. ಸುಳ್ಳು ಹೇಳಬಹುದಿತ್ತು.

"ಅದು ಉಮ್ಮ ಅಲ್ಲ ಅಣ್ಣ. ಹೋಗುವ."

ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಗೇರ್ ಹಾಕಿದ.

ಡಾಕ್ಟರು ಗದರಲಿಲ್ಲ. ಮಾತ್ರೆಯ ಪ್ರಮಾಣ ಸ್ವಲ್ಪ ಹೆಚ್ಚಿಸಿ ಬರೆದರು, ರಜೆ ಹಾಕಲು ಹೇಳಿದರು. "ದುಃಖವೂ ಉಂಟು, ಕಾಯಿಲೆಯೂ ಉಂಟು. ಎರಡನ್ನೂ ನೋಡಿಕೊಳ್ಳುವ," ಎಂದರು. ಪುತ್ತಿಗೆಯ ಮನೆಯಲ್ಲಿ ಹಗಲೆಲ್ಲ ನಿದ್ದೆ. ಎಚ್ಚರವಾದಾಗ ದನಿಯಲ್ಲಿ ಒಂದೊಂದೇ ಮಾತು ಉದುರಿಹೋಗಿರುತ್ತಿತ್ತು. ಕೊನೆಗೆ ಉಸಿರಾಟದ ಸದ್ದು ಮಾತ್ರ ಉಳಿಯಿತು, ಬಾಗಿಲ ಹಿಂದೆ ಯಾರೋ ನಿಂತ ಹಾಗೆ. ಒಂದು ಬೆಳಿಗ್ಗೆ ಅದೂ ಇರಲಿಲ್ಲ. ಅವತ್ತು ಫರ್ಹಾನ, ಮಯ್ಯತ್ತನ್ನು ಮಣ್ಣು ಮಾಡಿದ ದಿನವೂ ಅಳದಷ್ಟು ಅತ್ತಳು.

ಕೆಲಸಕ್ಕೆ ಮರಳಿದಳು. ರೇಡಿಯೋ ಕನ್ನಡದವನೂ ಮರಳಿದ. ಅವನ ಟೀಕೆಯ ನಡುವೆಯೇ ಪಾಠ ಸಾಗಿತು.

ಒಂದು ಶುಕ್ರವಾರ ಝುಬೈರ್ ಖಬರಸ್ತಾನಕ್ಕೆ ಹೊರಟಾಗ ತಾನೂ ಬರುತ್ತೇನೆಂದಳು. ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ. ಗೋಡೆಯ ಹೊರಗೆ ರಸ್ತೆಬದಿಯಲ್ಲಿ ನಿಂತಳು. ಕಿವಿಗೊಟ್ಟಳು. ಗಾಳಿ ಬೀಸುತ್ತಿತ್ತು. ಅಣ್ಣ ದುಆ ಮಾಡುವ ಸಣ್ಣ ದನಿ ಕೇಳುತ್ತಿತ್ತು. ಬೇರೇನೂ ಇಲ್ಲ. ಆದರೂ ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು ಅನಿಸಿತು. ಫರ್ಹಾನ ತಿರುಗಿ ನೋಡಲಿಲ್ಲ. ಅಣ್ಣ ಹೊರಬರುವವರೆಗೂ ಗೋಡೆಯನ್ನೇ ನೋಡುತ್ತಾ ನಿಂತಳು.